ಒಂದೇ ಗಿಡ, ದಡಕ್ಕೊಂದು ಕಾನೂನು

ಭದ್ರಾ ನಾಲೆಯ ನೀರು ಕೊನೆಗೂ ಕಡರನಾಯಕನಹಳ್ಳಿಯ ಗದ್ದೆಗಳಿಗೆ ಇಳಿದಿದೆ. ಬದುವಿನ ಮೇಲೆ ನೋಡಿ ಕಾಲಿಡಿ, ಏಡಿ ತೋಡಿದ ಕಡೆ ಮಣ್ಣು ಸಡಿಲ. ಎಡಕ್ಕೆ ಸೊಂಟದೆತ್ತರ ಬೆಳೆದ ಸೆಣಬು. ಬಲಕ್ಕೆ ಅದೇ ಸೆಣಬನ್ನು ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರು ಕೆಸರಿಗೆ ತುಳಿಯುತ್ತಿದೆ. ಕಾಂಡ ಮುರಿಯುವ ಸದ್ದು ಎಂಜಿನ್ನಿನ ಅಬ್ಬರದಲ್ಲಿ ಕೇಳಿಸುವುದಿಲ್ಲ, ವಾಸನೆ ಮಾತ್ರ ಮೂಗಿಗೆ ಬಡಿಯುತ್ತದೆ: ಹಸಿ, ತುಸು ಕಹಿ. ಗಾಲಿಯ ಬೆನ್ನಿಗೇ ಬೆಳ್ಳಕ್ಕಿಗಳ ಹಿಂಡು. ಇದೆಲ್ಲ ನೀರಲ್ಲಿ ಕೊಳೆತು ಗೊಬ್ಬರವಾದ ಮೇಲೆ ಭತ್ತದ ನಾಟಿ.

ಟ್ರ್ಯಾಕ್ಟರು ತಿರುವಿನಲ್ಲಿ ನಿಲ್ಲುತ್ತದೆ. ಇಳಿದು ಬಂದ ಹುಡುಗ ಕೆಸರು ಕೈಯನ್ನು ನಾಲೆಯಲ್ಲಿ ತೊಳೆದು, ಅಂಗಿಯ ಒಳಜೇಬಿನಿಂದ ಮೊಬೈಲ್ ತೆಗೆಯುತ್ತಾನೆ. ಪರದೆಯ ಮೇಲೆ ಬೆಟ್ಟದ ಇಳಿಜಾರು, ಆಳೆತ್ತರದ ಭಂಗಿ ಗಿಡ, ನಡುವೆ ನಗುತ್ತಾ ನಿಂತ ಒಬ್ಬ ರೈತ. ಉತ್ತರಾಖಂಡದ ವಿಡಿಯೋ. ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ, ನಾರು ಮಾರಬಹುದು, ಬೀಜ ಮಾರಬಹುದು, ಎಲೆಯಿಂದ ಔಷಧ ತೆಗೆಯುತ್ತಾರೆ ಎಂದು ಹಿಂದಿಯಲ್ಲಿ ಯಾರೋ ಹೇಳುತ್ತಿದ್ದಾರೆ.

“ಭತ್ತದಾಗೆ ಏನು ಉಳೀತೈತ್ರಿ?” ಅನ್ನುತ್ತಾನೆ ಹುಡುಗ. “ನೀರು ನಮ್ಮ ಕೊನೆ ಭಾಗಕ್ಕೆ ಬರೋ ಹೊತ್ತಿಗೆ ಮೇಲಿನವರು ನಾಟಿ ಮುಗಿಸಿರ್ತಾರೆ. ಇದಕ್ಕೆ ನೀರು ಕಡಿಮೆ ಸಾಕಂತೆ. ಅಲ್ಲಿ ಬೆಳೀಬೌದು ಅಂದ್ರೆ ಇಲ್ಲಿ ಯಾಕೆ ಬೆಳೀಬಾರದು?”

ಈ ಪ್ರಶ್ನೆಗೆ ಉತ್ತರ ಹುಡುಕಿಕೊಂಡು ಹೊರಟರೆ ಹರಿಹರದ ಹೊಳೆ, ದಾವಣಗೆರೆಯ ಕೋರ್ಟು, ಅಮೆರಿಕದ ಟೆಕ್ಸಾಸ್, ಎಲ್ಲ ಕಡೆಗೂ ಹೋಗಬೇಕಾಗುತ್ತದೆ. ಮೊದಲು ಊರೊಳಗೇ ಹೋಗೋಣ, ಬನ್ನಿ. ಉತ್ತರ ಗೊತ್ತಿರುವವರೊಬ್ಬರು ಅಲ್ಲಿದ್ದಾರೆ.

ಕಟ್ಟೆಯ ಪಕ್ಕದ ಮನೆ. ಹೊರಗಿನ ಜಗಲಿಯಲ್ಲಿ ಕುಳಿತಿರುವವರು ಗ್ರಾಮ ಲೆಕ್ಕಿಗರಾಗಿ ನಿವೃತ್ತರಾದವರು. ಊರವರಿಗೆಲ್ಲ ಅವರು ಈಗಲೂ ‘ಸಾಹೇಬ್ರು’. ಹುಡುಗ ಮಾತ್ರ ದೊಡ್ಡಪ್ಪ ಅನ್ನುತ್ತಾನೆ. ವಿಡಿಯೋ ನೋಡಿ ಅವರು ನಗುವುದಿಲ್ಲ, ಗದರುವುದೂ ಇಲ್ಲ. ಎದ್ದು ಹಿತ್ತಿಲಿಗೆ ಹೋಗಿ ಒಂದು ಪುಂಡಿ ಗಿಡ ಕಿತ್ತು ತರುತ್ತಾರೆ. ಬೇರಿಗೆ ಇನ್ನೂ ಒದ್ದೆ ಮಣ್ಣು ಅಂಟಿದೆ. ಬೆರಳು ಬಿಡಿಸಿದಂತಿರುವ ಆ ಎಲೆಯನ್ನು ನೋಡಿ: ಗೊತ್ತಿಲ್ಲದವರ ಕಣ್ಣಿಗೆ ಭಂಗಿ ಗಿಡದ ಎಲೆಯೇ. ಆದರೆ ಪುಂಡಿಯಲ್ಲಿ ಅಮಲಿಲ್ಲ, ಗದ್ದೆಯ ಸೆಣಬಿನಲ್ಲೂ ಇಲ್ಲ. ಇವೆರಡೂ ಬೇರೆಯೇ ಕುಲದ ಗಿಡಗಳು.

“ಇದೇ ಭಂಗಿ ಗಿಡ ಅಂದುಕೊ,” ಎಂದು ಅವರು ಪುಂಡಿಯನ್ನು ಹುಡುಗನ ಮುಂದೆ ಹಿಡಿಯುತ್ತಾರೆ. “ಪೊಲೀಸರಿಗೆ ಇದು ಒಂದು ಗಿಡ. ಕಾನೂನಿಗೆ ಒಂದಲ್ಲ.”

ಅವರ ಬೆರಳು ತುದಿಯ ಮೇಲಿದೆ. ಹೂವೋ ಕಾಯೋ ಬಿಟ್ಟ ತುದಿ ಅಂದರೆ ಗಾಂಜಾ. 1985ರ ಮಾದಕ ದ್ರವ್ಯ ಕಾಯ್ದೆ, ಊರ ಬಾಯಲ್ಲಿ ಎನ್‌ಡಿಪಿಎಸ್, ಅದನ್ನೇ ಗಾಂಜಾ ಅನ್ನುತ್ತದೆ. ಗಿಡದ ಅಂಟನ್ನು ಬೇರ್ಪಡಿಸಿದರೆ ಚರಸ್, ಅದೂ ಅಪರಾಧ. ಬೆರಳು ಕೆಳಗಿಳಿಯುತ್ತದೆ. ತುದಿಯ ಜೊತೆ ಇಲ್ಲದ ಬರೀ ಎಲೆ ಮತ್ತು ಬರೀ ಬೀಜ ಗಾಂಜಾದ ವ್ಯಾಖ್ಯೆಯಿಂದ ಹೊರಗೆ. ಎಲೆಯನ್ನು ಅರೆದು ಮಾಡಿದ ಭಂಗಿಯನ್ನು ಏನು ಮಾಡಬೇಕೆಂಬುದು ಆಯಾ ರಾಜ್ಯದ ಅಬಕಾರಿ ಇಲಾಖೆಗೆ ಬಿಟ್ಟ ವಿಷಯ. ಕಾಂಡದ ನಾರಿಗೆ, ಬೀಜಕ್ಕೆ ಎಂದು ಗಿಡ ಬೆಳೆಸಲು ಕಾಯ್ದೆಯ 14ನೇ ಕಲಮಿನಲ್ಲಿ ದಾರಿಯುಂಟು. ಸಾಗುವಳಿಗೆ ಅನುಮತಿ ಕೊಡುವ, ನಿಯಂತ್ರಿಸುವ ಅಧಿಕಾರವನ್ನು 10ನೇ ಕಲಮು ರಾಜ್ಯಗಳಿಗೆ ಕೊಟ್ಟಿದೆ.

“ಹಂಗಾದ್ರೆ ಬೆಳೀಬೌದಲ್ಲ ದೊಡ್ಡಪ್ಪ?”

“ಅನುಮತಿ ಕೊಡೋ ಅಧಿಕಾರ ಐತಿ ಅಂದ್ರೆ ಕೊಟ್ಟಾರ ಅಂತಲ್ಲಪ್ಪ. ಉತ್ತರಾಖಂಡದವರು ಕೊಟ್ಟರು. ನಮ್ಮವರು ಕೊಟ್ಟಿಲ್ಲ. ಅನುಮತಿ ಇಲ್ದೆ ಒಂದು ಗಿಡ ಹಾಕಿದ್ರೂ 20ನೇ ಕಲಮು. ಹತ್ತು ವರ್ಷದ ತನಕ ಕಠಿಣ ಸಜೆ, ಒಂದು ಲಕ್ಷದ ತನಕ ದಂಡ.”

ಹುಡುಗನ ಮುಖ ನೋಡಿ. ಇದನ್ನು ಆ ವಿಡಿಯೋ ಅವನಿಗೆ ಹೇಳಿರಲಿಲ್ಲ.

ಸಾಹೇಬರು ಇನ್ನೂ ಮುಗಿಸಿಲ್ಲ. ಕೆಲಸದಲ್ಲಿದ್ದಾಗ ಅವರನ್ನು ನಿದ್ದೆಗೆಡಿಸಿದ್ದ ಕಲಮುಗಳು ಬೇರೆಯವು: 46 ಮತ್ತು 47. ತನ್ನ ಜಮೀನಿನಲ್ಲಿ ಭಂಗಿ ಗಿಡವನ್ನು ಅಕ್ರಮವಾಗಿ ಬೆಳೆದಿರುವುದು ಗೊತ್ತಿದ್ದೂ ತಿಳಿಸದೆ ಸುಮ್ಮನಿದ್ದರೆ ಜಮೀನಿನ ಯಜಮಾನನೂ ತಪ್ಪಿತಸ್ಥ. ಊರಿನ ಪಂಚರು, ಗ್ರಾಮಾಧಿಕಾರಿಗಳು ತಮಗೆ ಗೊತ್ತಾದ ಕೂಡಲೇ ತಿಳಿಸಬೇಕು. ಪಾಲಿಗೆ ಕೊಟ್ಟ ಹೊಲದಲ್ಲಿ, ಮೆಕ್ಕೆಜೋಳದ ಸಾಲುಗಳ ನಡುವೆ, ಇನ್ನೊಬ್ಬ ನೆಟ್ಟ ಗಿಡಕ್ಕೆ ದೂರದ ಪಟ್ಟಣದಲ್ಲಿರುವ ಹೊಲದೊಡೆಯ ಕೋರ್ಟಿನ ಮೆಟ್ಟಿಲು ಹತ್ತುವುದು ಈ ಸೀಮೆಯಲ್ಲಿ ಆಗದ ಮಾತಲ್ಲ. ಅಡಿಕೆ ತೋಟದ ಅಂಚಿನಲ್ಲಿ ಹಕ್ಕಿ ಉದುರಿಸಿದ ಬೀಜದಿಂದ ತಾನಾಗಿ ಹುಟ್ಟಿದ ಗಿಡಕ್ಕೂ ಹೆದರಿಕೆಯೇ. ಸಾಗುವಳಿ ಮಾಡಿದ್ದನ್ನು ಸಾಬೀತುಪಡಿಸಬೇಕಾದದ್ದು ಸರ್ಕಾರ, ಗಿಡ ತಾನಾಗಿಯೂ ಹುಟ್ಟಿರಬಹುದು ಎಂದು ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಆದರೆ ಆ ಮಾತು ಸುಪ್ರೀಂ ಕೋರ್ಟಿನಿಂದ ಬರುವ ಹೊತ್ತಿಗೆ ಮನುಷ್ಯ ಎಷ್ಟು ವರ್ಷ ಅಲೆದಿರುತ್ತಾನೆ!

ದೀಪ ಹಚ್ಚುವ ಹೊತ್ತು. ಒಳಗಿಂದ ಸಾಹೇಬರ ಹೆಂಡತಿ ಅವ್ವಾರು ಒಗ್ಗರಣೆ ಮಂಡಕ್ಕಿ ತಂದಿಟ್ಟಿದ್ದಾರೆ. ಅವರಿಗೆ ಮಂಡಿನೋವು. ನಡುಮನೆಯ ಗೂಡಿನಲ್ಲಿ, ವಿಭೂತಿ ಉಂಡೆಯ ಪಕ್ಕ, ಒಂದು ಪುಟ್ಟ ಕಂದು ಸೀಸೆ ಇದೆ, ರಬ್ಬರಿನ ಮುಚ್ಚಳದ್ದು. ಎತ್ತಿ ಓದಿ. ‘ವಿಜಯಾ’ ಸಾರ, ಎಳ್ಳೆಣ್ಣೆಯಲ್ಲಿ. ಆಯುರ್ವೇದ ಔಷಧ. ವೈದ್ಯರ ಮೇಲ್ವಿಚಾರಣೆಯಲ್ಲಿ ಮಾತ್ರ ಸೇವಿಸತಕ್ಕದ್ದು. ಇದು ದಾವಣಗೆರೆಯ ವೈದ್ಯರೊಬ್ಬರ ಚೀಟಿಯ ಮೇಲೆ ಕೊರಿಯರಿನಲ್ಲಿ ಬಂದದ್ದು, ಕದ್ದುಮುಚ್ಚಿ ಬಂದದ್ದಲ್ಲ.

ಹುಡುಗ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. “ಇದೂ ಅದೇ ಗಿಡದ್ದೇ?”

ಅದೇ ಗಿಡದ್ದು. ಬೇರೆ ರಾಜ್ಯದಲ್ಲಿ ಪರವಾನಗಿಯ ಮೇಲೆ ಸಂಗ್ರಹಿಸಿದ ಎಲೆ, ಆಯುಷ್ ಲೈಸೆನ್ಸಿನ ಕಾರ್ಖಾನೆಯಲ್ಲಿ ಎಣ್ಣೆಯಾಗಿ, 1940ರ ಔಷಧ ಕಾಯ್ದೆಯಡಿ ಕರ್ನಾಟಕಕ್ಕೆ ಬರುತ್ತದೆ. ಆ ಕಾಯ್ದೆಯಡಿಯ ನಿಯಮಗಳ ಅನುಸೂಚಿಯಲ್ಲಿ ಭಂಗಿಯನ್ನು ವಿಷದ್ರವ್ಯಗಳ ಪಟ್ಟಿಗೆ ಸೇರಿಸಿ, ವೈದ್ಯರ ನಿಗಾ ಬೇಕೆಂದು ಹೇಳಿದೆ. ಬೀಜದ ಮಾತು ಇನ್ನೂ ಸುಲಭ: 2021ರ ನವೆಂಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜ, ಬೀಜದೆಣ್ಣೆ, ಬೀಜದ ಹಿಟ್ಟನ್ನು ಆಹಾರವೆಂದು ಒಪ್ಪಿ ಅವಕ್ಕೆ ಮಟ್ಟ ಗೊತ್ತುಪಡಿಸಿತು. ಅಂದರೆ ಈ ಗಿಡದ ಬೀಜವನ್ನು ಬೆಂಗಳೂರಿನ ಅಂಗಡಿಯಿಂದ ತಂದು ಈ ಮನೆಯವರು ಚಟ್ನಿಪುಡಿ ಮಾಡಿಕೊಂಡು ತಿನ್ನಬಹುದು, ಎಲೆಯೆಣ್ಣೆಯನ್ನು ಮಂಡಿನೋವಿಗೆ ತೆಗೆದುಕೊಳ್ಳಬಹುದು. ಹಿತ್ತಿಲಲ್ಲಿ ಗಿಡ ಮಾತ್ರ ಹಾಕುವಂತಿಲ್ಲ. ಬೆಳೆದ ಲಾಭ ಬೆಟ್ಟದ ರಾಜ್ಯಕ್ಕೆ, ಕೊಳ್ಳುವ ಖರ್ಚು ಇಲ್ಲಿಯವರಿಗೆ.

ಇದರೊಳಗೊಂದು ಸೂಕ್ಷ್ಮವಿದೆ, ಸ್ವಲ್ಪ ತಾಳ್ಮೆಯಿಂದ ಕೇಳಿ. ಗಿಡದಲ್ಲಿ ಎರಡು ಮುಖ್ಯ ರಾಸಾಯನಿಕಗಳು: ಅಮಲು ಏರಿಸುವ ಟಿಎಚ್‌ಸಿ, ಅಮಲು ಏರಿಸದ ಸಿಬಿಡಿ. ಎಲೆಯಲ್ಲೂ ಟಿಎಚ್‌ಸಿ ಇದ್ದೇ ಇರುತ್ತದೆ, ತುದಿಯಷ್ಟಲ್ಲ. ಎಲೆ ಗಾಂಜಾ ಅಲ್ಲ ಎನ್ನುವ ಅದೇ 1985ರ ಕಾಯ್ದೆ, ತನ್ನ ಕೊನೆಗಿರುವ ಅನುಸೂಚಿಯಲ್ಲಿ ಟಿಎಚ್‌ಸಿಯನ್ನು ಮನೋವಿಕಾರಿ ದ್ರವ್ಯವೆಂದು ಪಟ್ಟಿ ಮಾಡಿದೆ. ಎಲೆ ಹೊರಗೆ, ಎಲೆಯೊಳಗಿನ ಸತ್ವ ಒಳಗೆ. ಇಷ್ಟು ಪ್ರಮಾಣದ ತನಕ ಇದು ನಾರಿನ ಬೆಳೆ, ಇದರಾಚೆ ಮಾದಕ ವಸ್ತು ಎಂದು ಶೇಕಡಾ ಲೆಕ್ಕದ ಗೆರೆಯನ್ನು ಆ ಕಾಯ್ದೆ ಎಲ್ಲೂ ಎಳೆದಿಲ್ಲ. ಗೆರೆ ಎಳೆದದ್ದು ಉತ್ತರಾಖಂಡದಂಥ ರಾಜ್ಯಗಳು: ಟಿಎಚ್‌ಸಿ ಶೇ 0.3 ಮೀರಬಾರದು ಎಂದು.

ಅಷ್ಟರಲ್ಲಿ ಟ್ಯಾಬು ರಿಂಗಾಗುತ್ತದೆ. ಟೆಕ್ಸಾಸಿನಿಂದ ಮಗಳು. ಅಲ್ಲಿ ಬೆಳಗಿನ ಒಂಬತ್ತು.

“ಅಪ್ಪಾಜಿ, ಊಟ ಆಯ್ತಾ? ಅವ್ವನ ಮಂಡಿ ಹೆಂಗದೆ?”

ಅವ್ವಾರು ಸೀಸೆ ಎತ್ತಿ ತೋರಿಸುತ್ತಾರೆ. ಮಗಳು ನಗುತ್ತಾಳೆ. ಅವಳ ಮನೆಯ ಬೀದಿ ತುದಿಯ ಪೆಟ್ರೋಲ್ ಬಂಕಿನಲ್ಲೇ ಇಂಥವು ಸಿಗುತ್ತವಂತೆ: ಪೆಪ್ಪರಮಿಂಟಿನಂಥ ಗಮ್ಮಿ, ಡಬ್ಬಿಯ ಪಾನೀಯ, ಎಣ್ಣೆ. “ಬರುವಾಗ ತರ್ತೀನಿ ಅಂದ್ಕೊಂಡಿದ್ದೆ, ಇವರು ಬೇಡ ಅಂದ್ರು.”

ಅಳಿಯಂದಿರು ಬೇಡವೆಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಅಂಗಡಿಯಲ್ಲಿ ಸಿಕ್ಕಿದ್ದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಮಾದಕ ವಸ್ತುವಾಗುತ್ತದೆ. ಅಷ್ಟು ದೂರವೇಕೆ, ಅವರ ಪಕ್ಕದ ರಾಜ್ಯದಲ್ಲೇ ಅದರ ಹಣೆಬರಹ ಬದಲಾಗಬಹುದು. ಅಮೆರಿಕ 2018ರ ಕೃಷಿ ಕಾಯ್ದೆಯಲ್ಲಿ ಡೆಲ್ಟಾ-9 ಟಿಎಚ್‌ಸಿ ಒಣತೂಕದ ಶೇ 0.3 ಮೀರದಿದ್ದರೆ ಅದು ಹೆಂಪ್, ಕಾನೂನುಬದ್ಧ ಬೆಳೆ ಎಂದಿತು. ತೂಕದ ಲೆಕ್ಕವೆಂದ ಮೇಲೆ ವ್ಯಾಪಾರಿಗಳು ದಾರಿ ಕಂಡುಕೊಂಡರು. ಗಮ್ಮಿಯ ತೂಕದ ಮುಂದೆ ಶೇ 0.3 ಅಂದರೆ ಅಮಲಿಗೆ ಸಾಕಾಗುವಷ್ಟಾಯಿತು. ಹೆಂಪಿನ ಸಿಬಿಡಿಯನ್ನೇ ರಾಸಾಯನಿಕವಾಗಿ ಬದಲಿಸಿ ಡೆಲ್ಟಾ-8 ಎಂಬ ಇನ್ನೊಂದು ಅಮಲು ತಯಾರಿಸಿದರು; ಕಾಯ್ದೆಯಲ್ಲಿ ಅದರ ಹೆಸರಿರಲಿಲ್ಲ. ಮುಂದಿನದನ್ನು ರಾಜ್ಯಗಳು ತಮತಮಗೆ ತೋಚಿದಂತೆ ನೋಡಿಕೊಂಡವು. ಮಿನಸೋಟ 2022ರ ಜುಲೈ 1ರಿಂದ ಒಂದು ಸಲದ ಸೇವನೆಗೆ 5 ಮಿಲಿಗ್ರಾಂ ಎಂದು ಮಿತಿ ಹಾಕಿ ಮಾರಾಟಕ್ಕೆ ಒಪ್ಪಿತು. ಐಡಾಹೊ ಟಿಎಚ್‌ಸಿಯ ಸುಳಿವೂ ಇರಕೂಡದು ಎನ್ನುತ್ತದೆ. ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ತುರ್ತು ನಿಯಮ ತಂದು ಟಿಎಚ್‌ಸಿ ಇರುವ ಹೆಂಪ್ ತಿನಿಸುಗಳನ್ನು ಅಂಗಡಿಯಿಂದ ಇಳಿಸಿತು. ಮಗಳಿರುವ ಟೆಕ್ಸಾಸಿನಲ್ಲಿ ಶಾಸನಸಭೆ ನಿಷೇಧ ಅಂಗೀಕರಿಸಿತು, ಗವರ್ನರ್ ಗ್ರೆಗ್ ಅಬಾಟ್ 2025ರ ಜೂನ್ 22ರಂದು ಅದನ್ನು ತಳ್ಳಿಹಾಕಿದರು, ಸೆಪ್ಟೆಂಬರ್‌ನಲ್ಲಿ 21 ವರ್ಷ ಆಗದವರಿಗೆ ಮಾರಕೂಡದೆಂದು ಆದೇಶಿಸಿದರು. ಕೊನೆಗೆ 2025ರ ನವೆಂಬರ್ 12ರಂದು ಸಹಿಯಾದ ಕೇಂದ್ರದ ಕಾನೂನು ಹೆಂಪ್‌ನ ವ್ಯಾಖ್ಯೆಯನ್ನೇ ಬಿಗಿಮಾಡಿ, ಒಂದು ಡಬ್ಬಿಗೆ 0.4 ಮಿಲಿಗ್ರಾಂ ಟಿಎಚ್‌ಸಿ ಎಂದು ಮಿತಿ ಹಾಕಿ, ಒಂದು ವರ್ಷದ ಗಡುವು ಕೊಟ್ಟಿತು.

“ಅಲ್ಲಿನೂ ಹಿಂಗೇನಾ?” ಹುಡುಗ ಕೇಳುತ್ತಾನೆ. ಹೂಂ, ಅಲ್ಲೂ ಹೀಗೇ.

ಬೆಳಿಗ್ಗೆ ಬಸ್ಸು ಹಿಡಿಯೋಣ. ಮಲೇಬೆನ್ನೂರು ದಾಟಿ ಶಿವಮೊಗ್ಗ ರಸ್ತೆಯಲ್ಲಿ ಕುಂಬಳೂರು, ಹನಗವಾಡಿ, ಆಮೇಲೆ ಹರಿಹರ. ಕಿಟಕಿಯಾಚೆ ನಾಟಿಯ ಗದ್ದೆ, ತೆಂಗು, ಹೊಸದಾಗಿ ಏಳುತ್ತಿರುವ ಅಡಿಕೆ ತೋಟಗಳು. ಹರಿಹರೇಶ್ವರ ಗುಡಿಯ ಮಗ್ಗುಲಿಂದ ಹೊಳೆ ಕಡೆ ಇಳಿದರೆ ಹಳೆಯ ಕಲ್ಲು ಸೇತುವೆ ಕಾಣುತ್ತದೆ. ಮೈಸೂರು ಬ್ರಿಟಿಷ್ ಕಮಿಷನರ್ ಕೈಯಲ್ಲಿದ್ದ ಕಾಲದಲ್ಲಿ, 1868ರಲ್ಲಿ, ಕಟ್ಟಿ ಮುಗಿಸಿದ್ದು. ಹದಿನಾಲ್ಕು ಕಮಾನು. ಮಳೆಗಾಲದ ತುಂಗಭದ್ರೆ ಕೆಂಪಾಗಿ, ಕಮಾನುಗಳ ಕಾಲಿಗೆ ಸುತ್ತಿ ಸುಳಿ ಹಾಕುತ್ತಾ ಹರಿಯುತ್ತಿದೆ. ಆ ದಡದಲ್ಲಿ ಕುಮಾರಪಟ್ಟಣದ ಪಾಲಿಫೈಬರ್ಸ್ ಕಾರ್ಖಾನೆಯ ಹೊಗೆಕೊಳವೆಗಳು. ಮರದ ತಿರುಳಿನಿಂದ ನೂಲಿನ ಎಳೆ ತೆಗೆಯುವ ಕಾರ್ಖಾನೆ ಅದು. ಇದೇ ಊರ ಹೊಳೆದಂಡೆಯಲ್ಲಿ ನಿಂತು ನಾರಿನ ಬೆಳೆಯ ಬಗ್ಗೆ ಮಾತಾಡುವುದು ಹುಚ್ಚು ಮಾತೇನಲ್ಲ.

ಇಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ನಿಮ್ಮ ಕಾಲ ಕೆಳಗಿನ ದಡ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಬಡಗಣ ಗಡಿ. ಎದುರು ದಡದ ರಾಣೆಬೆನ್ನೂರು ಸೀಮೆ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆ. ಇದೇ ದಡದಲ್ಲಿ ಬಡಗಣಕ್ಕೆ ಸ್ವಲ್ಪ ದೂರ ಹೋದರೆ ಹರಪನಹಳ್ಳಿ, ಅದು ಮದ್ರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಮೂರು ಸರ್ಕಾರ, ಮೂರು ಅಬಕಾರಿ. ಆ ದಡದಲ್ಲಿ 1878ರ ಮುಂಬೈ ಅಬಕಾರಿ ಕಾಯ್ದೆ, ಹರಪನಹಳ್ಳಿಯಲ್ಲಿ 1886ರ ಮದ್ರಾಸು ಅಬಕಾರಿ ಕಾಯ್ದೆ, ಇಲ್ಲಿ ಮಹಾರಾಜರ ಕಟ್ಟಳೆ. ಎಲ್ಲ ಕಡೆ ಮನೆಮಾತು ಕನ್ನಡವೇ. ಬೀಗರು ಆ ಕಡೆ, ಸಂತೆ ಈ ಕಡೆ. ಹರಿಗೋಲಿನಲ್ಲಿ ದಾಟುವವನ ಚೀಲದಲ್ಲಿ ಒಂದು ಹಿಡಿ ಸೊಪ್ಪಿದ್ದರೆ ಅದಕ್ಕೆ ಯಾರು ಸುಂಕ ಕೇಳಬೇಕು, ಯಾರು ಹಿಡಿಯಬೇಕು ಎಂಬುದನ್ನು ನಡುಹೊಳೆಯೇ ತೀರ್ಮಾನಿಸುತ್ತಿತ್ತು.

1893ರಲ್ಲಿ ಬ್ರಿಟಿಷ್ ಸರ್ಕಾರ ಡಬ್ಲ್ಯು. ಮ್ಯಾಕ್‌ವರ್ತ್ ಯಂಗ್ ಅವರ ಅಧ್ಯಕ್ಷತೆಯಲ್ಲಿ ಭಾರತೀಯ ಗಾಂಜಾ ಆಯೋಗ ನೇಮಿಸಿತು. ದೇಶವೆಲ್ಲ ಸುತ್ತಿ 1,193 ಸಾಕ್ಷಿಗಳ ಮಾತು ಪಡೆದು, 1894ರಲ್ಲಿ ಏಳು ಸಂಪುಟಗಳ ವರದಿ ಬಂತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂಥ ಕೇಡಿಲ್ಲ, ಅತಿಯಾದರೆ ಹಾನಿ. ಪೂರ್ತಿ ನಿಷೇಧ ಅಗತ್ಯವೂ ಅಲ್ಲ, ಜಾಣತನವೂ ಅಲ್ಲ. ಲೈಸೆನ್ಸು ಮತ್ತು ತೆರಿಗೆಯಿಂದ ಹಿಡಿತದಲ್ಲಿಡಿ ಎಂದು ಅದು ಹೇಳಿತು. ನನಗೆ ಮುಖ್ಯವಾಗಿ ಕಾಣುವುದು ಆಯೋಗದ ವಿಧಾನ. ಸಾಧುಗಳನ್ನು, ವೈದ್ಯರನ್ನು, ಬೆಳೆಗಾರರನ್ನು, ಅಧಿಕಾರಿಗಳನ್ನು ಕೂಡಿಸಿ ಕೇಳಿದರು. ಪ್ರಾಂತಕ್ಕೊಂದು ದರ, ಪ್ರಾಂತಕ್ಕೊಂದು ಪದ್ಧತಿ ಇರುವುದನ್ನು ಹೆಸರಿಟ್ಟು ಬರೆದರು. ಪರದೇಶಿ ಸರ್ಕಾರ ಮಾಡಿದ ಅಷ್ಟು ವಿಚಾರಣೆಯನ್ನು ನಮ್ಮದೇ ಸರ್ಕಾರಗಳು ಇಂದಿಗೂ ಮಾಡಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಗಡಿಗಳು ಆಮೇಲೆ ಅಳಿಸಿದವು. ಹರಪನಹಳ್ಳಿ 1953ರಲ್ಲಿ ಮೈಸೂರಿಗೆ ಸೇರಿತು, ರಾಣೆಬೆನ್ನೂರು 1956ರ ನವೆಂಬರ್ 1ರಂದು. ಕಾಯ್ದೆಗಳು ಅಷ್ಟು ಬೇಗ ಒಂದಾಗಲಿಲ್ಲ. ರಾಜ್ಯ ಒಂದಾದ ಮೇಲೂ ಅಬಕಾರಿ ಕಟ್ಟಳೆ ಸೀಮೆಗೊಂದರಂತೆ ಉಳಿದು, 1965ರ ಅಬಕಾರಿ ಕಾಯ್ದೆ ಬಂದಾಗಲೇ ಎರಡೂ ದಡಕ್ಕೆ ಒಂದೇ ಮಾತು ಅನ್ವಯವಾದದ್ದು. ಆ ಕಾಯ್ದೆ ಅಮಲು ಪದಾರ್ಥದ ವ್ಯಾಖ್ಯೆಯಲ್ಲಿ ಎಲೆಯನ್ನೂ, ಭಂಗಿಯನ್ನೂ ಸೇರಿಸಿಕೊಂಡಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಅಷ್ಟರೊಳಗೆ 1961ರಲ್ಲಿ ನ್ಯೂಯಾರ್ಕಿನಲ್ಲಿ ಮಾದಕ ದ್ರವ್ಯಗಳ ಅಂತರರಾಷ್ಟ್ರೀಯ ಒಪ್ಪಂದವಾಗಿತ್ತು. ತುದಿಯಿಲ್ಲದ ಎಲೆ ಮತ್ತು ಬೀಜವನ್ನು ವ್ಯಾಖ್ಯೆಯಿಂದ ಬಿಟ್ಟದ್ದು, ನಾರು ಮತ್ತು ಬೀಜಕ್ಕಾಗಿ ಬೆಳೆಯುವುದನ್ನು ಹೊರಗಿಟ್ಟದ್ದು ಅಲ್ಲೇ. 1985ರ ನವೆಂಬರ್ 14ರಂದು ಜಾರಿಗೆ ಬಂದ ನಮ್ಮ ಕಾಯ್ದೆ ಆ ವ್ಯಾಖ್ಯೆಯನ್ನು ಹೆಚ್ಚುಕಡಿಮೆ ಹಾಗೇ ತೆಗೆದುಕೊಂಡಿತು. ಕೇಂದ್ರ ಬಿಟ್ಟುಕೊಟ್ಟ ಜಾಗದಲ್ಲಿ ರಾಜ್ಯಗಳು ತಮ್ಮ ತಮ್ಮ ಬೇಲಿ ಹಾಕಿಕೊಂಡವು. ಉತ್ತರ ಪ್ರದೇಶ, ರಾಜಸ್ಥಾನದಲ್ಲಿ ಸರ್ಕಾರದ ಲೈಸೆನ್ಸಿನ ಭಂಗಿ ಅಂಗಡಿಗಳಿವೆ, ಬೋರ್ಡು ಹಾಕಿಕೊಂಡು ಮಾರುತ್ತಾರೆ. ಮದ್ಯ ಮುಟ್ಟದ ಗುಜರಾತು 2017ರಲ್ಲಿ ಭಂಗಿಯನ್ನು ತನ್ನ ನಿಷೇಧದ ಪಟ್ಟಿಯಿಂದ ತೆಗೆಯಿತು. ಅಸ್ಸಾಂ 1958ರಲ್ಲೇ ಗಾಂಜಾ ಮತ್ತು ಭಂಗಿ ಎರಡನ್ನೂ ನಿಷೇಧಿಸಿದೆ. ಮಹಾರಾಷ್ಟ್ರದಲ್ಲಿ ಇಂದಿಗೂ 1949ರ ಪಾನನಿರೋಧ ಕಾಯ್ದೆಯೇ. ನಮ್ಮ ಬೆಳಗಾವಿ, ವಿಜಯಪುರದ ಗಡಿ ದಾಟಿ ಸೊಲ್ಲಾಪುರ, ಜತ್ತಿಗೆ ಹೋಗುವ ಕನ್ನಡಿಗನ ಚೀಲಕ್ಕೆ ಕಾನೂನು ಅಲ್ಲಿಗೇ ಬದಲಾಯಿತು.

ಹರಿಹರದಿಂದ ದಾವಣಗೆರೆ ಹತ್ತಿರ. ಕೋರ್ಟಿನ ಹೊರಗೆ ಚಹಾದಂಗಡಿ. ಕಪ್ಪು ಕೋಟನ್ನು ತೋಳಿನ ಮೇಲೆ ಹಾಕಿಕೊಂಡ ವಕೀಲರು, ಬೆಂಚಿನ ತುದಿಯಲ್ಲಿ ವಾಯಿದೆಗೆ ಬಂದ ಹಳ್ಳಿಯವರು. ಹುಡುಗನೂ ಜೊತೆಗೆ ಬಂದಿದ್ದಾನೆ. ಪರಿಚಯದ ವಕೀಲರು ಅವನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೈಕೋರ್ಟಿನ ಮಾತು ಹೇಳುತ್ತಾರೆ.

2022ರಲ್ಲಿ ಬೆಂಗಳೂರಿನ ಬೇಗೂರು ಪೊಲೀಸರು ಬಿಹಾರದಿಂದ ಬಂದಿದ್ದ ಒಬ್ಬಾತನನ್ನು 29 ಕೆಜಿ ಭಂಗಿ, 400 ಗ್ರಾಂ ಗಾಂಜಾದೊಡನೆ ಹಿಡಿದರು. ಆತನ ಜಾಮೀನು ಅರ್ಜಿ ಕೇಳಿದ ನ್ಯಾಯಮೂರ್ತಿ ಕೆ. ನಟರಾಜನ್, ಎನ್‌ಡಿಪಿಎಸ್ ಕಾಯ್ದೆಯಲ್ಲಿ ಭಂಗಿಯನ್ನು ನಿಷೇಧಿತ ವಸ್ತುವೆಂದು ಎಲ್ಲೂ ಹೇಳಿಲ್ಲ ಎಂದರು. ಉತ್ತರ ಭಾರತದಲ್ಲಿ ಶಿವಾಲಯಗಳ ಬಳಿ ಲಸ್ಸಿ ಅಂಗಡಿಯಲ್ಲಿ ಅದು ಸಿಗುವುದನ್ನೂ ಎತ್ತಿ ಹೇಳಿದರು. ಪ್ರಯೋಗಾಲಯದ ವರದಿ ಬರದೆ ಅದು ಗಾಂಜಾದಿಂದ ಮಾಡಿದ್ದೆಂದು ಹೇಳಲಾಗದು. ಉಳಿದ 400 ಗ್ರಾಂ ಗಾಂಜಾ ಒಂದು ಕೆಜಿಯ ಅಲ್ಪ ಪ್ರಮಾಣದ ಒಳಗೇ ಇತ್ತು. ಜಾಮೀನು ಸಿಕ್ಕಿತು.

“ಹಂಗಾದ್ರೆ ಭಂಗಿ ತಪ್ಪಲ್ಲ ಅಂದಂಗಾಯ್ತಲ್ರಿ ಸಾರ್?”

ವಕೀಲರು ತಲೆಯಾಡಿಸುತ್ತಾರೆ. “ಅಲ್ಲೇ ಜನ ಎಡವೋದು. ಜಾಮೀನು ಅಂದ್ರೆ ಖುಲಾಸೆ ಅಲ್ಲ. ಕೇಂದ್ರದ ಕಾಯ್ದೆಯೊಳಗೆ ಬರಲ್ಲ ಅಂದ್ರೆ ರಾಜ್ಯದ ಅಬಕಾರಿ ಕಾಯ್ದೆಯಿಂದ ತಪ್ಪಿಸ್ಕೊಂಡಂಗಲ್ಲ.” ಹೊಳೆದಂಡೆಯಲ್ಲಿ ನೆನಪಿಡಿ ಅಂದೆನಲ್ಲ, ಆ 1965ರ ವ್ಯಾಖ್ಯೆ ಇಲ್ಲಿ ಬಾಗಿಲು ತಟ್ಟುತ್ತದೆ.

ಅವರು ಇನ್ನೊಂದು ಸಂಗತಿ ಹೇಳುತ್ತಾರೆ. ಹೊಲದಲ್ಲಿ ಗಿಡ ಸಿಕ್ಕಾಗ ಬೇರು, ಕಾಂಡ, ಎಲೆ ಎಲ್ಲ ಸೇರಿಸಿ ತೂಗಿ ಇಷ್ಟು ಕೆಜಿ ಗಾಂಜಾ ಎಂದು ಪಂಚನಾಮೆ ಬರೆಯುವುದುಂಟು. ಗಾಂಜಾದ ವಾಣಿಜ್ಯ ಪ್ರಮಾಣ 20 ಕೆಜಿ. ಅದನ್ನು ದಾಟಿದರೆ ಕನಿಷ್ಠ ಹತ್ತು ವರ್ಷ ಸಜೆ, 37ನೇ ಕಲಮಿನಡಿ ಜಾಮೀನೂ ಬಲು ಕಷ್ಟ. ಹಸಿ ಗಿಡದಲ್ಲಿ ತುದಿಯ ತೂಕ ಎಷ್ಟು, ಕಾಂಡದ ತೂಕ ಎಷ್ಟು? ಬೇರ್ಪಡಿಸಿ ತೂಗಿದ್ದರೆ ಸಣ್ಣ ಕೇಸಾಗಬಹುದಾಗಿದ್ದದ್ದು ಇಡಿಯಾಗಿ ತೂಗಿದರೆ ಬದುಕನ್ನೇ ನುಂಗುತ್ತದೆ. ಸಾಹೇಬರು ಜಗಲಿಯಲ್ಲಿ ಪುಂಡಿ ಗಿಡದ ಮೇಲೆ ಬೆರಳಿಟ್ಟು ತೋರಿಸಿದ ವಿಂಗಡಣೆ ತಕ್ಕಡಿಯ ಮುಂದೆ ಹೀಗೆ ಮನುಷ್ಯನ ವರ್ಷಗಳಾಗಿ ಬದಲಾಗುತ್ತದೆ. ಬೆಂಚಿನ ತುದಿಯಲ್ಲಿ ಕೂತ ಹಳ್ಳಿಯವರಲ್ಲಿ ಒಬ್ಬರು ಈ ಮಾತಿಗೆ ತಲೆ ಎತ್ತಿ ನೋಡಿ, ಮತ್ತೆ ಕೈಯಲ್ಲಿದ್ದ ಕಾಗದದ ಸುರುಳಿಗೆ ಕಣ್ಣಿಳಿಸುತ್ತಾರೆ. ಏನು ಕೇಸೆಂದು ನಾವು ಕೇಳುವುದಿಲ್ಲ.

ನಂಬಿಕೆಯೂ ರಕ್ಷಣೆಯಲ್ಲ. ಯಾದಗಿರಿ ಜಿಲ್ಲೆಯ ತಿಂಥಣಿ ಮೌನೇಶ್ವರ ಜಾತ್ರೆಯಲ್ಲಿ ಭಕ್ತರು ಗಾಂಜಾ ಸೇದುವುದು ಪತ್ರಿಕೆಗಳಲ್ಲೇ ಬಂದಿದೆ. ಅವಧೂತರ, ಸಾಧುಗಳ ಚಿಲುಮೆಯನ್ನು ಬಯಲುಸೀಮೆಯ ಜಾತ್ರೆಗಳಲ್ಲಿ ನೋಡದವರಾರು? ಕಾಯ್ದೆಯಲ್ಲಿ ಮಾತ್ರ ದೇವರ ಹೆಸರಿನ ವಿನಾಯಿತಿ ಇಲ್ಲ.

ಹುಡುಗ ಚಹಾದ ಲೋಟ ಕೆಳಗಿಟ್ಟು ಮತ್ತೆ ತನ್ನ ಮೂಲ ಪ್ರಶ್ನೆಗೆ ಬರುತ್ತಾನೆ. “ನಮ್ಮ ಸರ್ಕಾರ ಬೇಕಂದ್ರೆ ಮಾಡಬೌದಾ, ಬಿಡಬೌದಾ?” ಮಾಡಬಹುದು. ಹಿಮಾಚಲ ಪ್ರದೇಶದ ನಡೆ ನೋಡಿ. ಅಲ್ಲಿ ಸಚಿವ ಜಗತ್ ಸಿಂಗ್ ನೇಗಿ ಅವರ ಸಮಿತಿ ವರದಿ ಕೊಟ್ಟಿತು, 2024ರ ಸೆಪ್ಟೆಂಬರ್‌ನಲ್ಲಿ ವಿಧಾನಸಭೆ ಅದನ್ನು ಒಪ್ಪಿತು. ಆದರೂ ನೇರವಾಗಿ ರೈತರ ಕೈಗೆ ಬೀಜ ಕೊಡಲಿಲ್ಲ. 2025ರ ಜನವರಿಯಲ್ಲಿ ಸಚಿವ ಸಂಪುಟ ಪಾಲಂಪುರ ಮತ್ತು ನೌಣಿಯ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿಗೆ ಮೊದಲು ಪ್ರಾಯೋಗಿಕ ಅಧ್ಯಯನ ಮಾಡಿ ಎಂದಿತು. ಇದು ನನಗೆ ಸರಿಯಾದ ಕ್ರಮವಾಗಿ ತೋರುತ್ತದೆ. ಬಿಸಿಲಿನಲ್ಲಿ, ನಮ್ಮ ಕಪ್ಪು ನೆಲದಲ್ಲಿ, ನೀರಿನ ಎಳೆದಾಟದಲ್ಲಿ ಬೆಳೆದ ಗಿಡದ ಟಿಎಚ್‌ಸಿ ಶೇ 0.3ರ ಒಳಗೇ ಉಳಿಯುತ್ತದೆಂದು ಬೆಟ್ಟದ ಬೀಜದ ಚೀಲ ಭರವಸೆ ಕೊಡಲಾರದು. ಗೆರೆ ದಾಟಿದ ಬೆಳೆಯನ್ನು ಕಿತ್ತು ನಾಶಮಾಡಬೇಕು. ಆ ನಷ್ಟ ಯಾರದು? ಇದನ್ನು ಮೊದಲು ಬರೆದಿಡದೆ ಯಾವ ರೈತನನ್ನೂ ಈ ಬೆಳೆಗೆ ಇಳಿಸಬಾರದು.

ಎಲ್ಲ ರಾಜ್ಯಕ್ಕೂ ಒಂದೇ ಕಾನೂನು ಬೇಕೆಂದು ನಾನು ವಾದಿಸುವುದಿಲ್ಲ. ಬೆಟ್ಟದ ನಾಡಿಗೆ ಒಪ್ಪಿದ್ದು ನಾಲೆಯ ನಾಡಿಗೆ ಒಪ್ಪಬೇಕೆಂದಿಲ್ಲ, ಕರ್ನಾಟಕ ಯೋಚಿಸಿ ಬೇಡವೆನ್ನುವುದಕ್ಕೂ ಹಕ್ಕುಂಟು. ಗಾಂಜಾಕ್ಕೆ ಬಿದ್ದ ಎಳೆಯರನ್ನು ದಾವಣಗೆರೆಯ ಓಣಿಗಳಲ್ಲಿ ಕಂಡ ತಾಯಂದಿರ ಭಯ ಹಗುರವಾದದ್ದಲ್ಲ. ಆದರೆ ಬೇಡವೆಂದರೂ ಬೇಕೆಂದರೂ ಅದನ್ನು ಕನ್ನಡದಲ್ಲಿ, ಬಿಡಿಸಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಅಂಟಿಸುವಷ್ಟು ಸ್ಪಷ್ಟವಾಗಿ ಹೇಳಬೇಕು. ಎಲೆ ಏನು, ತುದಿ ಏನು, ಬೀಜ ಏನು, ಅಂಗಡಿಯ ಎಣ್ಣೆ ಏನು, ತಾನಾಗಿ ಹುಟ್ಟಿದ ಗಿಡ ಕಂಡರೆ ಯಾರಿಗೆ ಹೇಳಬೇಕು, ಹೇಳಿದವನ ಮೇಲೇ ಕೇಸು ಬೀಳುವುದಿಲ್ಲವೆಂಬ ಮಾತು. ಈ ಕೆಲಸಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಕೃಷಿ, ಅಬಕಾರಿ, ಪೊಲೀಸ್, ಆಯುಷ್ ಇಲಾಖೆಯವರು ಒಂದು ಮೇಜಿನ ಸುತ್ತ ಕೂತು ಒಂದು ಸುತ್ತೋಲೆ ಹೊರಡಿಸಿದರೆ ಸಾಕು. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಬೇಲಿಯೊಳಗೆ ಪ್ರಯೋಗ ಮಾಡಿ ಫಲಿತಾಂಶವನ್ನು ರೈತರ ಮುಂದಿಟ್ಟರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ, ಈ ಬರಹ ಓದುವ ರೈತ ಬಂಧುಗಳಲ್ಲಿ ನನ್ನದೊಂದು ವಿನಂತಿ. ಫೋನಿನಲ್ಲಿ ಬಂದ ವಿಡಿಯೋ ನೋಡಿ ಬೀಜ ತರಿಸಬೇಡಿ, ಬೀಜ ಮಾರುವವನು ತೋರಿಸುವ ಬೇರೆ ರಾಜ್ಯದ ಲೈಸೆನ್ಸನ್ನು ನಂಬಬೇಡಿ. ಪಾಲಿಗೆ ಕೊಟ್ಟ ಹೊಲವನ್ನು ಆಗಾಗ ಸ್ವತಃ ಹೋಗಿ ನೋಡಿಕೊಳ್ಳಿ. ಔಷಧದ ಎಣ್ಣೆ ಬಳಸುವವರು ವೈದ್ಯರ ಚೀಟಿ ಮತ್ತು ಬಿಲ್ಲನ್ನು ಸೀಸೆಯ ಜೊತೆಗೇ ಇಟ್ಟುಕೊಳ್ಳಿ, ವಿದೇಶದಲ್ಲಿರುವ ಮಕ್ಕಳಿಗೆ ಅಲ್ಲಿಂದ ಇಂಥದ್ದೇನೂ ತರಬೇಡಿರೆಂದು ಹೇಳಿ. ಕರ್ನಾಟಕದಲ್ಲಿ ಅನುಮತಿಯಿಲ್ಲದೆ ಈ ಗಿಡ ಬೆಳೆಯುವುದು ಇಂದಿಗೂ ಹತ್ತು ವರ್ಷದವರೆಗಿನ ಸಜೆಯ ಅಪರಾಧ.